ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದೀರಾ? ಮೊದಲು ಬಾವಿ ನೀರು ನೋಡಿ

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ರಜೆಗೆ ಸೋಮವಾರಪೇಟೆಗೆ ಬಂದಿದ್ದೇನೆ. ಪಕ್ಕದ ತೋಟದವರ ಮಗಳು ಮುಂದಿನ ತಿಂಗಳು ಅಲ್ಲಿಗೇ ಹೊರಟಿದ್ದಾಳೆ. "ಅಣ್ಣಾ, ನಾವು ನೋಡಿರೋ ಮನೆಗೆ ಬಾವಿ ನೀರಂತೆ. ಊರಿನ ಹಾಗೇ, ಒಳ್ಳೇದೇ ಅಲ್ವಾ?" ಅಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮಲ್ಲಿ ನೀರು ಕೆಟ್ಟರೆ ಮೂಗಿಗೇ ಗೊತ್ತಾಗುತ್ತದೆ. ಕಾಫಿ ಕುಯ್ಲಿನ ಹೊತ್ತಿಗೆ ಯಾರಾದರೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರನ್ನು ತೋಡಿಗೆ ಬಿಟ್ಟರೆ ಕಂದು ಬಣ್ಣ, ಹುಳಿ ನಾತ. ಅಲ್ಲಿ ಮೂಗನ್ನು ನಂಬಬೇಡಿ. ಅಲ್ಲಿ ನೀರಿಗೆ ಸೇರುವುದು ಮೀಥೇನ್, ಬೆಂಕಿ ತಗುಲಿದರೆ ಹೊತ್ತಿಕೊಳ್ಳುವ ಗ್ಯಾಸ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಅಲ್ಲಿ ಸಾವಿರಾರು ಅಡಿ ಕೆಳಗೆ ಮಾರ್ಸೆಲಸ್ ಶೇಲ್ ಎಂಬ ಕಲ್ಲಿನ ಪದರ ಇದೆ. ನೀರು, ಮರಳು, ರಾಸಾಯನಿಕ ನುಗ್ಗಿಸಿ ಆ ಕಲ್ಲನ್ನು ಸೀಳಿ ಈ ಗ್ಯಾಸ್ ತೆಗೆಯುತ್ತಾರೆ. ಅದಕ್ಕೆ ಕೊರೆಯುವ ಗ್ಯಾಸ್ ಬಾವಿ ನಾವು ಕುಡಿಯುವ ನೀರಿನ ಪದರವನ್ನು ದಾಟಿಯೇ ಇಳಿಯಬೇಕು. ಪೈಪಿನ ಸುತ್ತ ಹಾಕಿದ ಸಿಮೆಂಟು ಸರಿಯಾಗಿ ಕೂರದಿದ್ದರೆ ಆ ಸಂದಿನಲ್ಲೇ ಗ್ಯಾಸ್ ಮೇಲೇರಿ ನೀರಿಗೆ ಸೇರುತ್ತದೆ. 2009ರ ಜನವರಿ 1ರಂದು ಡಿಮಾಕ್ ಎಂಬ ಊರಿನಲ್ಲಿ ಒಂದು ಮನೆಯ ನೀರಿನ ಬಾವಿಯೇ ಸಿಡಿಯಿತು. ಇನ್ನು ಗ್ಯಾಸಿನ ಜೊತೆ ಮೇಲೆ ಬರುವ ಉಪ್ಪುನೀರಿನಲ್ಲಿ ಬೇರಿಯಂ ಎಂಬ ಲೋಹ, ವಿಕಿರಣ ಸೂಸುವ ರೇಡಿಯಂ ಇರುತ್ತವೆ. ಅದು ಚೆಲ್ಲಿದರೂ ಅಪಾಯವೇ.

ಖಾಸಗಿ ಬಾವಿಯ ನೀರನ್ನು ಸರ್ಕಾರ ಬಂದು ಪರೀಕ್ಷೆ ಮಾಡುವುದಿಲ್ಲ. ಅದು ಮನೆಯವರ ಹೊಣೆ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರ ಹಳೆಯ ವರದಿ ಕೇಳಿ. ಕೊಳ್ಳುವುದಾದರೆ ನೆಲದಡಿಯ ಗ್ಯಾಸಿನ ಹಕ್ಕು ಯಾರದು ಅಂತಲೂ ವಿಚಾರಿಸಿ. ಅಲ್ಲಿ ಮನೆ ನಿಮ್ಮದು, ಅದರ ಕೆಳಗಿನ ಗ್ಯಾಸ್ ಬೇರೆಯವರದು ಆಗಿರಬಹುದು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಲ್ಲಿನ ನಮ್ಮ ಮನೆಯ ಹತ್ತಿರ ಗ್ಯಾಸ್ ಬಾವಿ ಕೊರೆಯುವ ಮುಂಚೆ ಕಂಪನಿಯವರು ನಮ್ಮ ನೀರಿನ ಮಾದರಿ ಕೇಳಿಕೊಂಡು ಬಂದಿದ್ದರು. ಏನೋ ಮಾರಲು ಬಂದಿದ್ದಾರೆ ಅಂದುಕೊಂಡು ಬಾಗಿಲಿಂದಲೇ ಕಳಿಸಿಬಿಟ್ಟೆ. ಕೆಲವು ತಿಂಗಳಿಗೆ ನಲ್ಲಿ ಬುಸ್ ಬುಸ್ ಎನ್ನತೊಡಗಿತು. ಗಾಜಿನ ಲೋಟದಲ್ಲಿ ಹಿಡಿದರೆ ನೀರು ಹಾಲಿನಂತೆ ಬೆಳ್ಳಗೆ. ಸಣ್ಣ ಗುಳ್ಳೆಗಳು ಮೇಲೇರುತ್ತಾ ತಳದಿಂದ ತಿಳಿಯಾಗುತ್ತಿತ್ತು. ಬರೀ ಗಾಳಿ ಸೇರಿದರೂ ಹೀಗೇ ಕಾಣುತ್ತದೆ. ಕೆಲವು ಬಾವಿಗಳಲ್ಲಂತೂ ಮೀಥೇನ್ ಮೊದಲಿಂದಲೂ ಇರುತ್ತದೆ. ನಮ್ಮ ನೀರು ಮೊದಲು ಚೆನ್ನಾಗಿತ್ತು ಎನ್ನಲು ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

ಅಲ್ಲಿನ 2012ರ ಕಾನೂನು ಜನರ ಪರವಾಗಿಯೇ ಇದೆ. ಶೇಲ್ ಗ್ಯಾಸ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಕಂಪನಿಯೇ ಕಾರಣ ಎಂದು ಹಿಡಿಯುತ್ತಾರೆ. ಅಲ್ಲ ಎಂದು ಕಂಪನಿಯೇ ತೋರಿಸಬೇಕು. ಆದರೆ ಪರೀಕ್ಷೆಗೆ ಬಂದವರನ್ನು ನೀವೇ ವಾಪಸ್ ಕಳಿಸಿದ್ದರೆ ಆ ರಕ್ಷಣೆ ಹೋಯಿತು. ಅವರನ್ನು ಒಳಗೆ ಬಿಡಿ, ವರದಿಯ ಪ್ರತಿ ಕೇಳಿ ಪಡೆಯಿರಿ. ಜೊತೆಗೆ ರಾಜ್ಯದ ಮಾನ್ಯತೆ ಇರುವ ಲ್ಯಾಬಿನವರಿಂದ ನೀವೂ ಮಾಡಿಸಿ. ಮಾದರಿಯನ್ನು ಅವರೇ ಬಂದು ತೆಗೆಯಲಿ. ಮೀಥೇನ್, ಕ್ಲೋರೈಡ್, ಬೇರಿಯಂ, ಬೆಂಜೀನ್, ಒಟ್ಟು ಕರಗಿದ ಲವಣ ಇಷ್ಟನ್ನಾದರೂ ನೋಡಿಸಿ. ಖರ್ಚು ಜಾಸ್ತಿ ಅನಿಸಿದರೂ ಬಿಡಬೇಡಿ.

ಕಾಯಿಸಿ ಕುಡಿದರೆ ಆಯ್ತು ಅಂತ ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಉಪ್ಪು, ಬೇರಿಯಂ ಕಾಯಿಸಿದರೆ ಹೋಗುವುದಿಲ್ಲ. ಮೀಥೇನ್ ಲೀಟರಿಗೆ 28 ಮಿಲಿಗ್ರಾಂ ದಾಟಿದ್ದರೆ ಕೂಡಲೇ ಬಾವಿಯ ಕೆಲಸದವರನ್ನು ಕರೆಸಿ, ಗ್ಯಾಸ್ ಹೊರಗೆ ಹೋಗುವಂತೆ ಬಾವಿಯ ಮುಚ್ಚಳಕ್ಕೆ ಕೊಳವೆ ಹಾಕಿಸಿ. ಅಲ್ಲಿಯವರೆಗೆ ಚಳಿಯಿದ್ದರೂ ಬಚ್ಚಲಿನ ಕಿಟಕಿ ತೆರೆದಿಡಿ, ನಲ್ಲಿಯ ಹತ್ತಿರ ಬೆಂಕಿ ಹಚ್ಚಬೇಡಿ.