ಟೌಪೊ ಸರೋವರದ ಟ್ರೇಲಿಗೆ ಮೈಸೂರಿನಲ್ಲೇ ತಯಾರಾಗುವುದು ಹೇಗೆ

ನ್ಯೂಜಿಲೆಂಡ್‌ನಲ್ಲಿ ಮಗನೋ ಮಗಳೋ ಇದ್ದಾರೆ, ಒಂದಲ್ಲ ಒಂದು ದಿನ ಹೋಗೋದು ಇದ್ದೇ ಇದೆ, ಜೊತೆಗೆ ಸೈಕಲ್ ಹುಚ್ಚೂ ಇದೆ ಅಂದ್ರೆ ಅಲ್ಲಿನ ಟೌಪೊ ಸರೋವರ ಬಿಡಬೇಡಿ. ಅದರ ದಡದಲ್ಲಿ ಸೈಕಲ್ ಓಡಿಸೋಕೆ ಮಣ್ಣಿನ ದಾರಿ, ಅಂದ್ರೆ ಟ್ರೇಲ್, ಇದೆ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿಯುವವರಿಗೆ ಅಲ್ಲಿ ದಮ್ಮಿನ ಸಮಸ್ಯೆ ಬರೋದಿಲ್ಲ. ಸಮಸ್ಯೆ ಬರೋದು ಮಣ್ಣಿನ ಇಳಿಜಾರಿನ ತಿರುವುಗಳಲ್ಲಿ.

ಟೌಪೊ ನಮ್ಮ ಕೆರೆಗಳ ಹಾಗೆ ಕಟ್ಟೆ ಕಟ್ಟಿ ಆದದ್ದಲ್ಲ. ಜ್ವಾಲಾಮುಖಿ ಸಿಡಿದು, ಒಳಗೆ ಟೊಳ್ಳಾದ ನೆಲ ಕುಸಿದು, ಆ ಗುಂಡಿಯಲ್ಲಿ ನೀರು ನಿಂತದ್ದು. ದೊಡ್ಡ ಸ್ಫೋಟ ಆಗಿದ್ದು ಸುಮಾರು 25,500 ವರ್ಷಗಳ ಹಿಂದೆ, ಕೊನೆಯ ಭಾರೀ ಸ್ಫೋಟ ಸುಮಾರು 1,800 ವರ್ಷಗಳ ಹಿಂದೆ. ವಿಸ್ತಾರ 616 ಚದರ ಕಿ.ಮೀ. ಕೆಆರ್‌ಎಸ್ ತುಂಬಿ ನಿಂತರೂ ಇದರ ಕಾಲುಭಾಗ ಆಗೋದಿಲ್ಲ!

ಸೈಕಲ್ ಹೊಡೆಯೋರಿಗೆ ಮುಖ್ಯವಾದದ್ದು ಆ ಸ್ಫೋಟ ಬಿಟ್ಟುಹೋದ ಮಣ್ಣು. ಹಿಮ್ಮಡಿ ಉಜ್ಜೋಕೆ ಹಗುರವಾದ ತೂತುತೂತು ಕಲ್ಲು ಸಿಗುತ್ತಲ್ವಾ, ಪ್ಯೂಮಿಸ್, ಅದೇ ಅಲ್ಲಿನ ನೆಲ. ನೀರು ಬೇಗ ಇಂಗುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಓಡಿಸಬಹುದು. ಎರೆಮಣ್ಣಿನ ಹಾಗೆ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊತ್ತುಕೊಂಡು ಬರೋ ಪಾಡು ಇಲ್ಲ. ಆದರೆ ಒಣಗಿದರೆ ಮೇಲಿನ ಪದರ ಸಡಿಲ. ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ.

ಇದಕ್ಕೆ ಅಭ್ಯಾಸ ಮಾಡೋಕೆ ನಮ್ಮ ಕಡೆ ನಾಲೆ ಏರಿಗಳೇ ಸಾಕು. ವರುಣಾ ನಾಲೆ, ಮಂಡ್ಯ ಕಡೆಯವರಾದರೆ ವಿಶ್ವೇಶ್ವರಯ್ಯ ನಾಲೆ. ಸಡಿಲ ಜಲ್ಲಿ, ಟ್ರ್ಯಾಕ್ಟರ್ ಗಾಲಿ ಕೊರೆದ ಗಾಡಿಜಾಡು, ಎಲ್ಲ ಇರುತ್ತದೆ. ನೀರಿನ ಪಕ್ಕದ ಅಂಚು ಬಿಟ್ಟು ಓಡಿಸಿ. ಕಬ್ಬಿನ ಗಾಡಿ ಎದುರಾದರೆ ಇಳಿದು ನಿಂತುಬಿಡಿ, ಮರ್ಯಾದೆ ಏನೂ ಹೋಗೋದಿಲ್ಲ.

ಅಭ್ಯಾಸ ಮಾಡಬೇಕಾದದ್ದು ಇಷ್ಟು. ತಿರುವಿಗೆ ಮುಂಚೆಯೇ ಬ್ರೇಕ್ ಹಾಕಿ ವೇಗ ಇಳಿಸಿ, ತಿರುವಿನೊಳಗೆ ಲಿವರ್ ಸಡಿಲ ಬಿಡಿ. ಲಿವರ್ ಮೇಲೆ ಒಂದೇ ಬೆರಳು, ಉಳಿದವು ಹಿಡಿಕೆಯ ಮೇಲೆ. ಹೊರಗಡೆಯ ಕಾಲು ಕೆಳಗೆ, ಭಾರ ಆ ಪೆಡಲ್ ಮೇಲೆ. ಕಣ್ಣು ಚಕ್ರದ ಮೇಲಲ್ಲ, ತಿರುವು ಮುಗಿಯೋ ಕಡೆ. ಎಲ್ಲರೂ ಇದನ್ನೇ ಹೇಳ್ತಾರೆ, ಆದ್ರೆ ಹೆದರಿದಾಗ ಕೈ ತಾನಾಗಿ ಮುಂದಿನ ಬ್ರೇಕ್ ಒತ್ತುತ್ತದೆ, ಸೈಕಲ್ ನೆಟ್ಟಗೆ ಹೊರಕ್ಕೆ ಹೋಗುತ್ತದೆ. ಒಂದೇ ತಿರುವನ್ನು ಹಿಡಿದು ನಿಧಾನವಾಗಿ ಮತ್ತೆ ಮತ್ತೆ ಇಳಿಯಿರಿ, ಕೈಗೆ ಬುದ್ಧಿ ಬರೋವರೆಗೆ. ನೇರ ಇಳಿಜಾರಿನಲ್ಲಾದರೆ ಎರಡೂ ಪೆಡಲ್ ಸಮಕ್ಕೆ ಇರಲಿ, ಹಿಮ್ಮಡಿ ಕೆಳಕ್ಕೆ, ಸೀಟು ತಗ್ಗಿಸಿ. ಟೈರಿನ ಗಾಳಿ ರಸ್ತೆಗೆ ಹಾಕುವಷ್ಟು ಬೇಡ.

ಏರು ಹತ್ತೋ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ಡಾಂಬರು ರಸ್ತೆ ಇದೆ, ಹತ್ತಿರ ಹತ್ತಿರ 300 ಮೀಟರ್ ಏರು. ಮೆಟ್ಟಿಲ ಮೇಲೆ ಸೈಕಲ್ ಇಳಿಸೋ ಸಾಹಸ ಮಾತ್ರ ಬೇಡ. ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿ ಬರೋ ಹೆಂಗಸರ ಮೇಲೆ ಬಿದ್ದರೆ ತಾಯಿಯೂ ಕಾಪಾಡಲ್ಲ. ಬೆಟ್ಟದ ಕಾಡಿನೊಳಗಿನ ಕಾಲುದಾರಿಯೂ ಬೇಡ.

ಇನ್ನು ಅಲ್ಲಿನ ದಾರಿ. ಗ್ರೇಟ್ ಲೇಕ್ ಟ್ರೇಲ್ ಒಟ್ಟು ಸುಮಾರು 71 ಕಿ.ಮೀ., ಸರೋವರದ ಉತ್ತರ ಮತ್ತು ಪಶ್ಚಿಮ ದಡದಲ್ಲಿದೆ. ಕಷ್ಟದ ಲೆಕ್ಕದಲ್ಲಿ ಗ್ರೇಡ್ 3, ಅಂದ್ರೆ ಮಧ್ಯಮ. ಮೊದಲ ದಿನಕ್ಕೆ ವಾಕೈಪೊದಿಂದ ಕಿನ್ಲಾಕ್‌ವರೆಗಿನ 13 ಕಿ.ಮೀ. ಚೆನ್ನಾಗಿದೆ. ನಂತರ ಒರಾಕೌನಿಂದ ಕಿನ್ಲಾಕ್. ಇದೇ ದಿಕ್ಕಿನಲ್ಲಿ ಹೋಗಿ. ಕವಾಕವಾ ಕೊಲ್ಲಿಯವರೆಗೆ ಇಳಿಜಾರು, ಅಲ್ಲಿ ದಡದಲ್ಲಿ ಬುತ್ತಿ ಬಿಚ್ಚಿ, ಆಮೇಲೆ ಒಂದು ಒಳ್ಳೆ ಏರು, ಮತ್ತೆ ಇಳಿಜಾರು. ಪಶ್ಚಿಮದ ವೈಹಾಹಾ ಭಾಗ ಉದ್ದ. ಅದು ಮುಗಿಯೋದು ನೀರಿನ ದಡದಲ್ಲಿ, ಅಲ್ಲಿಂದ ವಾಪಸ್ ಬರೋಕೆ ದೋಣಿಯನ್ನು ಮೊದಲೇ ಬುಕ್ ಮಾಡಿರಬೇಕು. ಇಲ್ಲಿ ನಡೆಯೋರೂ ಇರುತ್ತಾರೆ, ಕುರುಡು ತಿರುವಿನಲ್ಲಿ ನಿಧಾನ.

ಹೋಗೋಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ನಮ್ಮ ಸಂಕ್ರಾಂತಿ ಹೊತ್ತಿಗೆ ಅಲ್ಲಿ ನಡು ಬೇಸಿಗೆ. ಬಿಸಿಲು ಚುರುಕು, ಸನ್‌ಸ್ಕ್ರೀನ್ ಬೇಕೇ ಬೇಕು. ಹೆಲ್ಮೆಟ್ ಅಲ್ಲಿ ರಸ್ತೆಯಲ್ಲಿ ಕಡ್ಡಾಯ.

ಸೈಕಲ್ ಇಲ್ಲಿಂದ ಒಯ್ಯಬೇಡಿ, ಬಾಡಿಗೆಗೆ ತಗೊಳ್ಳಿ. ಹತ್ತಿದ ಕೂಡ್ಲೇ ಯಾವ ಲಿವರ್ ಯಾವ ಚಕ್ರಕ್ಕೆ ಅಂತ ನೋಡಿಕೊಳ್ಳಿ. ಶೂ ಒಯ್ಯೋದಾದರೆ ಅಡಿಯಲ್ಲಿ ಒಂದು ಚೂರೂ ಮಣ್ಣು ಇರದ ಹಾಗೆ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ಒಣಗಿಸಿ. ವಿಮಾನ ನಿಲ್ದಾಣದಲ್ಲಿ ಮಣ್ಣು, ಬೀಜ, ತಿಂಡಿ ಎಲ್ಲದರ ತಪಾಸಣೆ ಕಟ್ಟುನಿಟ್ಟು. ಚಟ್ನಿಪುಡಿ ಇದ್ದರೂ ಫಾರಂನಲ್ಲಿ ಬರೆಯಿರಿ. ಬರೆದು ತೋರಿಸಿದರೆ ಜಾಸ್ತಿ ಅಂದ್ರೆ ವಸ್ತು ಹೋಗುತ್ತದೆ, ಬಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು.