ಬೂಟ್ ವಿಭಾಗ ತುಂಬಿ ಆಪ್ಟ್ ಸಿಕ್ಕಿಕೊಂಡಾಗ

ಡೆಬಿಯನ್ ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಆಪ್ಟ್ (ತಂತ್ರಾಂಶ ಹಾಕುವ, ತೆಗೆಯುವ ಸಾಧನ) ಬಳಸಿ ಯಾವ ಪ್ಯಾಕೇಜ್ ಹಾಕಹೊರಟರೂ ಹೊಸ ಕರ್ನೆಲ್ (ವ್ಯವಸ್ಥೆಯ ತಿರುಳು) ಬಳಿ ಕೆಲಸ ನಿಂತು, ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಸಂದೇಶ ಬರುತ್ತಿತ್ತು. ಆದರೆ ನನ್ನ ಕಡತಗಳಿರುವ ಹೋಮ್‌ನಲ್ಲಿ 60 ಜಿಬಿ ಖಾಲಿಯಿತ್ತು.

‘ಆಪ್ಟ್ ಕ್ಲೀನ್’ ಪ್ರಯೋಜನಕ್ಕೆ ಬರಲಿಲ್ಲ. ಅದು ಗುಡಿಸುವ ಅಂಗಳವೇ ಬೇರೆ: ಇಳಿಸಿಕೊಂಡ ಪ್ಯಾಕೇಜ್ ಕಡತಗಳ ಜಾಗ. ಬೇಡವಾದ ಪ್ಯಾಕೇಜ್ ತೆಗೆಯುವ ‘ಆಪ್ಟ್ ಆಟೊರಿಮೂವ್’ ಅವಲಂಬನೆಗಳು ಸರಿಯಿಲ್ಲವೆಂದು ಕೈಯೆತ್ತಿತು. ಅವಲಂಬನೆ ಸರಿಪಡಿಸುವ ‘ಆಪ್ಟ್ -ಎಫ್ ಇನ್‌ಸ್ಟಾಲ್’ ಸಹ ಅಲ್ಲಿಗೇ ಬಂದು ಮುಗ್ಗರಿಸಿತು.

ಡಿಸ್ಕಿನ ಜಾಗ ತೋರಿಸುವ ‘ಡಿಎಫ್ -ಎಚ್’ ಕೊಟ್ಟಾಗ ಕಂಡದ್ದು: ಯಂತ್ರ ಆರಂಭಿಸುವ ಕಡತಗಳಿರುವ 236 ಎಂಬಿಯ ಬೂಟ್ ವಿಭಾಗ ಪೂರ್ತಿ ಭರ್ತಿ. ವಿಭಾಗವನ್ನು ಅಷ್ಟು ಚಿಕ್ಕದಾಗಿ ಮಾಡಿದವನು ನಾನೇ.

ಮೊದಲು ‘ಯುನೇಮ್ -ಆರ್’ ಕೊಟ್ಟು ಈಗ ಓಡುತ್ತಿರುವ ಕರ್ನೆಲ್ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಅದನ್ನು ಮುಟ್ಟಲೇಬಾರದು. ಬೂಟ್‌ನಲ್ಲಿರುವ ಅತ್ಯಂತ ಹಳೆಯ ಆವೃತ್ತಿಯ ‘ಇನಿಟ್‌ಆರ್‌ಡಿ’ (ಆರಂಭದಲ್ಲಿ ಕರ್ನೆಲ್‌ಗೆ ಬೇಕಾಗುವ ಚಾಲಕಗಳ ಕಟ್ಟು) ಕಡತವೊಂದನ್ನು ಮಾತ್ರ ‘ಸುಡೊ ಎಂವಿ’ (ಸುಡೊ ಎಂದರೆ ನಿರ್ವಾಹಕನ ಅಧಿಕಾರದಿಂದ) ಬಳಸಿ ಹೋಮ್‌ಗೆ ಸಾಗಿಸಿ. ಅಳಿಸಿದರೆ ತಪ್ಪಾದಾಗ ಹಿಂದಿರುಗಲು ದಾರಿಯಿಲ್ಲ. ಬಳಿಕ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಮುಗಿಸಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಅದರ ಹಿಂದೆ ‘ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್’. ಹೊಸ ಕರ್ನೆಲ್‌ನಿಂದ ಯಂತ್ರ ಮತ್ತೆ ಆರಂಭವಾದ ಮೇಲೆಯೇ ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’. ಸಾಗಿಸಿದ ಕಡತವನ್ನು ಆಮೇಲೆ ಅಳಿಸಬಹುದು.

ಇನಿಟ್‌ಆರ್‌ಡಿ ಕಡತ ಚಿಕ್ಕದಾಗಲೆಂದು ಅದರ ಸೆಟ್ಟಿಂಗ್ ಇರುವ ‘ಇನಿಟ್‌ರಾಮ್‌ಎಫ್ಎಸ್.ಕಾನ್ಫ್’ನಲ್ಲಿ ‘ಮಾಡ್ಯೂಲ್ಸ್=ಮೋಸ್ಟ್’ ಎಂಬುದನ್ನು ‘ಡೆಪ್’ (ಈ ಯಂತ್ರಕ್ಕೆ ಬೇಕಾದ ಚಾಲಕಗಳು ಮಾತ್ರ) ಎಂದು ಬದಲಿಸಿ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್ -ಯು’ ಕೊಟ್ಟೆ; ಕಡತದ ಗಾತ್ರ ಇಳಿಯಿತು. ಆದರೆ ಈ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಅದು ಬೂಟ್ ಆಗದೆ ಹೋಗಬಹುದು.