ಪಿಂಗಾಣಿ ಕೋಳಿಯ ಕತ್ತು ಮುರಿಯದಂತೆ: ಹಳೆಯ ಬರ್ಬನ್ ಡಿಕ್ಯಾಂಟರ್ ಹುಡುಕುವ, ತೆರೆಯುವ ಕ್ರಮ

ಅಮೆರಿಕದ ಕೆಂಟಕಿ, ಒಹಾಯೊ, ಇಂಡಿಯಾನ ರಾಜ್ಯಗಳಲ್ಲಿ ಹಿರಿಯರು ತೀರಿಕೊಂಡ ಮನೆಯ ಸಾಮಾನುಗಳನ್ನೆಲ್ಲ ಆ ಮನೆಯಲ್ಲೇ ಹರಡಿ ಮಾರುವ ‘ಎಸ್ಟೇಟ್ ಸೇಲ್’ಗಳಿಗೆ ಹೋದವರಿಗೆ ನೆಲಮಾಳಿಗೆಯ ಕಪಾಟಿನಲ್ಲಿ ಪಿಂಗಾಣಿಯ ಟರ್ಕಿ ಕೋಳಿ, ರೈಲು ಎಂಜಿನ್, ಹಳೆಯ ಕಾರು, ಆನೆ, ಕತ್ತೆ ಮುಂತಾದ ಬೊಂಬೆಗಳ ಸಾಲು ಕಂಡೇ ಕಾಣುತ್ತದೆ. ನೋಡಲು ಬೊಂಬೆಗಳಾದರೂ ಇವು, ಮುಖ್ಯವಾಗಿ ಮೆಕ್ಕೆಜೋಳದಿಂದ ತಯಾರಾಗುವ ಅಮೆರಿಕದ ಬರ್ಬನ್ ವಿಸ್ಕಿ ತುಂಬಿ ಮಾರಿದ ಡಿಕ್ಯಾಂಟರ್‌ಗಳು, ಎಂದರೆ ಅಲಂಕಾರದ ಮದ್ಯಪಾತ್ರೆಗಳು. ಅರ್ಧ ಶತಮಾನ ಕಳೆದರೂ ಬಿರಡೆ ತೆಗೆಯದೆ ಉಳಿದಿರುವಂಥವು ಈಗಲೂ ಸಿಗುತ್ತವೆ. ಇವುಗಳನ್ನು ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಪಾತ್ರೆ ಬೇರೆ, ಒಳಗಿನ ಮದ್ಯ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಪ್ರತ್ಯೇಕವಾಗಿಯೇ ಬೆಲೆ ಕಟ್ಟಬೇಕು.

ಜಿಮ್ ಬೀಮ್ ಕಂಪನಿಯು ಇಲಿನಾಯ್ ರಾಜ್ಯದ ರೀಗಲ್ ಚೈನಾ ಎಂಬ ಪಿಂಗಾಣಿ ಕಾರ್ಖಾನೆಯಲ್ಲಿ ಮಾಡಿಸಿದ ಡಿಕ್ಯಾಂಟರ್‌ಗಳನ್ನು 1955ರಲ್ಲಿ ಮಾರುಕಟ್ಟೆಗೆ ತಂದಿತು. 1956ರಿಂದ ಅಧ್ಯಕ್ಷೀಯ ಚುನಾವಣೆ ಬಂದಾಗಲೆಲ್ಲ ರಿಪಬ್ಲಿಕನ್ ಪಕ್ಷದ ಆನೆಯನ್ನೂ ಡೆಮಾಕ್ರಟಿಕ್ ಪಕ್ಷದ ಕತ್ತೆಯನ್ನೂ ಜೋಡಿಯಾಗಿ ಹೊರತಂದಿತು. ಅಮೆರಿಕನ್ನರು ವೋಡ್ಕಾದತ್ತ ವಾಲತೊಡಗಿದ 1960 ಮತ್ತು 70ರ ದಶಕಗಳಲ್ಲಿ ಕೆಂಟಕಿಯ ಉಗ್ರಾಣಗಳಲ್ಲಿ ಪೀಪಾಯಿಗಳು ಖರ್ಚಾಗದೆ ಉಳಿದವು. ಬಾಟಲಿಯಲ್ಲಿ ಮಾರಲಾಗದ ಆ ಸರಕನ್ನು ಬೊಂಬೆಯ ಹೊಟ್ಟೆಗೆ ತುಂಬಿ ಮಾರುವ ಉಪಾಯವನ್ನು ಎಜ್ರಾ ಬ್ರೂಕ್ಸ್, ವೈಲ್ಡ್ ಟರ್ಕಿ, ಓಲ್ಡ್ ಕ್ರೋ ಮೊದಲಾದ ಬ್ರ್ಯಾಂಡ್‌ಗಳೂ ಹಿಡಿದವು. ಕೊಂಡವರು ಬೊಂಬೆಗಾಗಿ ಕೊಂಡರೇ ಹೊರತು ಕುಡಿಯಲಿಕ್ಕಲ್ಲ. ಮುಂದೆ ಬೆಲೆ ಏರೀತೆಂದು ಮುಚ್ಚಳ ಮುಟ್ಟದೆ ಕಾಪಾಡಿದರು. ಬೊಂಬೆಯ ಬೆಲೆ ಏರಲಿಲ್ಲ. ಆದರೆ ಹಳೆಯ ಬರ್ಬನ್‌ಗೆ ಬೇಡಿಕೆ ಬಂದಿರುವ ಈ ಕಾಲದಲ್ಲಿ, ಒಳಗೆ ಉಳಿದ ಮದ್ಯಕ್ಕಾಗಿ ಜನ ಅವನ್ನೇ ಮತ್ತೆ ಹುಡುಕುತ್ತಿದ್ದಾರೆ.

ಯಾವುದನ್ನು ಹುಡುಕಬೇಕು

ಬೊಂಬೆಯ ಚೆಲುವಿಗೆ ಮರುಳಾಗದೆ ಅದರ ಬೆನ್ನಿಗೋ ತಳಕ್ಕೋ ಅಂಟಿಸಿದ ಸಣ್ಣ ಚೀಟಿಯನ್ನು ಓದಬೇಕು. ಅದರಲ್ಲಿ ‘ಸ್ಟ್ರೇಟ್ ಬರ್ಬನ್’ ಎಂದಿರಬೇಕು. ಬರ್ಬನ್ ಎಂದು ಕರೆಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳವಿರಬೇಕು ಮತ್ತು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಿರಬೇಕು. ‘ಸ್ಟ್ರೇಟ್’ ಎನ್ನಲು ಆ ಮಾಗುವಿಕೆ ಕನಿಷ್ಠ ಎರಡು ವರ್ಷದ್ದಾಗಿರಬೇಕು. ಚೀಟಿಯಲ್ಲಿ ‘ಬ್ಲೆಂಡೆಡ್ ವಿಸ್ಕಿ’ ಎಂದಿದ್ದರೆ ಅದರಲ್ಲಿ ನಿಜವಾದ ವಿಸ್ಕಿಯ ಪಾಲು ಕಾನೂನಿನ ಪ್ರಕಾರ ಶೇ 20ರಷ್ಟಿದ್ದರೂ ಸಾಕಾಗುತ್ತದೆ. ಅಂಥದ್ದನ್ನು ಕಪಾಟಿನ ಅಂದಕ್ಕೆ ಮಾತ್ರ ಕೊಳ್ಳಬಹುದು.

ಬೀಮ್ ಡಿಕ್ಯಾಂಟರ್‌ಗಳಲ್ಲಿ ವಯಸ್ಸನ್ನು ಹಲವು ಸಲ ವರ್ಷಗಳ ಬದಲು ತಿಂಗಳುಗಳಲ್ಲಿ ಹೇಳಿರುತ್ತಾರೆ. ‘100 ತಿಂಗಳು’ ಎಂದರೆ ಎಂಟು ವರ್ಷಕ್ಕೂ ಮಿಕ್ಕಿದ್ದು, ‘150 ತಿಂಗಳು’ ಎಂದರೆ ಹನ್ನೆರಡೂವರೆ ವರ್ಷದ್ದು. ಇವು ಹೇರಳವಾಗಿ ತಯಾರಾದವು, ಆದ್ದರಿಂದ ದುಬಾರಿಯಲ್ಲ. ಹೊಸದಾಗಿ ಕೈಹಾಕುವವರಿಗೆ ಅಭ್ಯಾಸಕ್ಕೆ ತಕ್ಕವು. ಓಲ್ಡ್ ಕ್ರೋ 1969ರಲ್ಲಿ ಚದುರಂಗದ 32 ಕಾಯಿಗಳನ್ನೂ ಒಂದೊಂದು ಡಿಕ್ಯಾಂಟರ್ ಆಗಿ ಮಾಡಿ, ಹತ್ತು ವರ್ಷದ ಬರ್ಬನ್ ತುಂಬಿ ಮಾರಿತ್ತು. ಇವುಗಳಲ್ಲಿ ಕಾಲಾಳನ್ನು ಕೀಳೆಂದು ಕಾಣಬೇಕಾಗಿಲ್ಲ, ರಾಜನ ಹೊಟ್ಟೆಯಲ್ಲಿರುವ ಮದ್ಯವೇ ಅದರ ಹೊಟ್ಟೆಯಲ್ಲೂ ಇದೆ. 1970ರ ದಶಕದ ಆರಂಭದ ವೈಲ್ಡ್ ಟರ್ಕಿ ಕೋಳಿಗಳಲ್ಲಿರುವುದು 101 ಪ್ರೂಫ್, ಎಂದರೆ ಶೇ 50.5ರಷ್ಟು ಮದ್ಯಸಾರದ ವಿಸ್ಕಿ. ಲೂಯಿವಿಲ್ ಬಳಿಯ ಸ್ಟಿಟ್ಜೆಲ್–ವೆಲ್ಲರ್ ಭಟ್ಟಿಯಲ್ಲಿ ರೈ ಧಾನ್ಯದ ಬದಲಿಗೆ ಗೋಧಿ ಬಳಸಿ ತಯಾರಿಸಿದ ಓಲ್ಡ್ ಫಿಟ್ಜ್‌ಜೆರಾಲ್ಡ್, 1950 ಮತ್ತು 60ರ ದಶಕಗಳಲ್ಲಿ ಗಾಜಿನ ಡಿಕ್ಯಾಂಟರ್‌ಗಳಲ್ಲಿ ಬರುತ್ತಿತ್ತು. ಕೈಯಲ್ಲಿ ಸ್ವಲ್ಪ ಹಣವಿದ್ದು ಒಂದನ್ನೇ ಕೊಳ್ಳಬೇಕೆಂದಿರುವವರಿಗೆ ಈ ಗಾಜಿನ ಡಿಕ್ಯಾಂಟರನ್ನೇ ಸೂಚಿಸಬೇಕೆನಿಸುತ್ತದೆ. ಕಾರಣ ಮುಂದೆ ಬರುತ್ತದೆ.

ಕಾಲವನ್ನು ಗುರುತಿಸಲು ಬಿರಡೆಯ ಮೇಲಿಂದ ಹಾಯ್ದಿರುವ ಕಾಗದದ ತೆರಿಗೆ ಪಟ್ಟಿಯೇ ದೊಡ್ಡ ಆಧಾರ. ಹಸಿರು ಪಟ್ಟಿ ‘ಬಾಟಲ್ಡ್ ಇನ್ ಬಾಂಡ್’ ವರ್ಗದ್ದು: 1897ರ ಕಾಯ್ದೆಯಂತೆ ಒಂದೇ ಭಟ್ಟಿಯಲ್ಲಿ ಒಂದೇ ಋತುವಿನಲ್ಲಿ ತಯಾರಾಗಿ, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಮಾಗಿ, 100 ಪ್ರೂಫ್‌ನಲ್ಲಿ ತುಂಬಿದ್ದು. ಉಳಿದವಕ್ಕೆ ಕೆಂಪು ಪಟ್ಟಿ. ಈ ಪಟ್ಟಿಯ ಕಡ್ಡಾಯ 1985ರಲ್ಲಿ ನಿಂತುಹೋಯಿತು. ಅಳತೆಯನ್ನು ‘4/5 ಕ್ವಾರ್ಟ್’ ಎಂದು ಬರೆದಿದ್ದರೆ ಅದು 1980ಕ್ಕಿಂತ ಹಿಂದಿನದು, ಆ ವರ್ಷದಿಂದ 750 ಮಿಲಿಲೀಟರ್ ಅಳತೆ ಕಡ್ಡಾಯವಾಯಿತು. ಗರ್ಭಿಣಿಯರನ್ನು ಉದ್ದೇಶಿಸಿದ ಸರ್ಕಾರಿ ಎಚ್ಚರಿಕೆ ಇದ್ದರೆ 1989ರ ನವೆಂಬರ್ ನಂತರದ್ದು. ಗಾಜಿನ ಮೇಲೆ ‘ಈ ಬಾಟಲಿಯ ಮರುಮಾರಾಟ, ಮರುಬಳಕೆ ನಿಷಿದ್ಧ’ ಎಂಬರ್ಥದ ಇಂಗ್ಲಿಷ್ ಸಾಲು ಉಬ್ಬಿದ್ದರೆ 1935 ಮತ್ತು 1964ರ ನಡುವಿನದು.

ಎಲ್ಲಿ ಕೊಳ್ಳಬೇಕು

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪರವಾನಗಿ ಇಲ್ಲದವರು ಮದ್ಯ ಮಾರುವಂತಿಲ್ಲ. ಹೀಗಾಗಿ ಎಸ್ಟೇಟ್ ಸೇಲ್ ನಡೆಸುವ ಎಷ್ಟೋ ಮಂದಿ ಮದ್ಯವನ್ನು ಬಚ್ಚಲಿಗೆ ಸುರಿದು ಬರಿದಾದ ಬೊಂಬೆಯನ್ನು ಮಾರುತ್ತಾರೆ. ಇಬೇ ಜಾಲತಾಣವು ಹಿಂದೆ ‘ಸಂಗ್ರಹಯೋಗ್ಯ ಪಾತ್ರೆ’ ಎಂಬ ಹೆಸರಿನಲ್ಲಿ ತುಂಬಿದ ಡಿಕ್ಯಾಂಟರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟಿದ್ದರೂ 2012ರಲ್ಲಿ ಆ ಬಾಗಿಲನ್ನು ಮುಚ್ಚಿತು. ನೇರವಾದ ದಾರಿ ಇರುವುದು ಕೆಂಟಕಿಯಲ್ಲಿ. ಅಲ್ಲಿನ ಶಾಸನಸಭೆ 2017ರಲ್ಲಿ ಒಪ್ಪಿದ, 2018ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಪರವಾನಗಿ ಪಡೆದ ಅಂಗಡಿಗಳೂ ಬಾರ್‌ಗಳೂ ಖಾಸಗಿ ವ್ಯಕ್ತಿಗಳಿಂದ ತೆರೆಯದ ಹಳೆಯ ಮದ್ಯವನ್ನು ಕೊಂಡು ಗ್ರಾಹಕರಿಗೆ ಮಾರಬಹುದು. ಇಂಥ ಅಂಗಡಿಯಲ್ಲಿ ಬೆಲೆ ತುಸು ಹೆಚ್ಚು, ಆದರೆ ರಸೀದಿ ಸಿಗುತ್ತದೆ. ಬಾರ್ ಆಗಿದ್ದರೆ ಇಡೀ ಬೊಂಬೆಯನ್ನು ಕೊಳ್ಳುವ ಮೊದಲು ಒಂದು ಪೆಗ್ ರುಚಿ ನೋಡುವ ಅನುಕೂಲವೂ ಇರುತ್ತದೆ.

ಕೈಗೆತ್ತಿಕೊಂಡ ಮೇಲೆ ಮಾಡಬೇಕಾದ ಪರೀಕ್ಷೆ ಹೀಗೆ. ಗಾಜಿನ ಪಾತ್ರೆಯಾದರೆ ಮದ್ಯ ಎಷ್ಟು ಇಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪಿಂಗಾಣಿಯ ಒಳಗೆ ಬೆಳಕು ತೂರುವುದಿಲ್ಲವಾದ್ದರಿಂದ, ತೆಂಗಿನಕಾಯಿ ಆರಿಸುವಾಗ ಮಾಡುವಂತೆ, ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಬೇಕು. ತುಂಬಿದ್ದರೆ ಸದ್ದು ಕಡಿಮೆ, ಆವಿಯಾಗಿ ಇಳಿದಿದ್ದರೆ ಕುಲುಕುವ ಸದ್ದು ಜೋರು. ಅದೇ ಮಾದರಿಯ ಬರಿದಾದ ಬೊಂಬೆ ಪಕ್ಕದಲ್ಲೇ ಸಿಕ್ಕರೆ ಎರಡನ್ನೂ ತೂಗುವುದು ಇನ್ನೂ ಒಳ್ಳೆಯದು: 4/5 ಕ್ವಾರ್ಟ್ ಎಂದರೆ 757 ಮಿಲಿಲೀಟರ್, 86 ಪ್ರೂಫ್‌ನ ಅಷ್ಟು ವಿಸ್ಕಿ ಸುಮಾರು 715 ಗ್ರಾಂ ತೂಗುತ್ತದೆ. ವ್ಯತ್ಯಾಸ 500 ಗ್ರಾಂಗೆ ಇಳಿದಿದ್ದರೆ ಗಾಳಿ ಧಾರಾಳವಾಗಿ ಒಳಹೊಕ್ಕಿದೆ ಎಂದೇ ಅರ್ಥ. ತಳದಲ್ಲಿ ಜಿಗುಟಾದ ಕಂದು ಕಲೆಯಿದ್ದರೆ ಸೋರಿಕೆಯಿದೆ. ಒಣಗಿ ಸೀಳಿದ ತೆರಿಗೆ ಪಟ್ಟಿಯನ್ನು ಕಂಡು ಗಾಬರಿಯಾಗಬೇಕಿಲ್ಲ, ಆದರೆ ಅದರ ಎರಡು ತುದಿಗಳೂ ಮೂಲ ಜಾಗದಲ್ಲೇ ಅಂಟಿರಬೇಕು.

ಸೀಸದ ಪ್ರಶ್ನೆ

ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಬಹುದು. ಪಿಂಗಾಣಿಗೆ ಹೊಳಪು ಕೊಡುವ ಮೆರುಗಿನಲ್ಲೂ ಬಣ್ಣಗಳಲ್ಲೂ ಆ ಕಾಲದಲ್ಲಿ ಸೀಸದ ಬಳಕೆ ಸಾಮಾನ್ಯವಾಗಿತ್ತು. ಒಳಮೈಯ ಮೆರುಗು ಸರಿಯಾಗಿ ಬೇಯದಿದ್ದರೆ ಅಥವಾ ಕೂದಲೆಳೆಯಂತೆ ಬಿರುಕುಬಿಟ್ಟಿದ್ದರೆ, ದಶಕಗಳ ಕಾಲ ಅದಕ್ಕೆ ತಾಗಿಕೊಂಡೇ ಇರುವ ಮದ್ಯಕ್ಕೆ ಸೀಸ ಬಿಟ್ಟುಕೊಳ್ಳುತ್ತದೆ. 1991ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸೀಸದ ಹರಳುಗಾಜಿನ ಡಿಕ್ಯಾಂಟರ್‌ಗಳಲ್ಲಿ ಪೋರ್ಟ್ ವೈನ್ ಇಟ್ಟು ನೋಡಿದಾಗ, ಬರೀ ನಾಲ್ಕು ತಿಂಗಳಲ್ಲಿ ಅದರ ಸೀಸದ ಪ್ರಮಾಣ ಲೀಟರಿಗೆ 2,000 ಮೈಕ್ರೊಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಹರಳುಗಾಜು ಬೇರೆ, ಪಿಂಗಾಣಿ ಬೇರೆ ಎಂಬುದು ನಿಜ. ಆದರೆ ನಮ್ಮ ಬೊಂಬೆಯೊಳಗೆ ಮದ್ಯ ಕುಳಿತಿರುವುದು ನಾಲ್ಕು ತಿಂಗಳಲ್ಲ, ನಾಲ್ಕೈದು ದಶಕ.

ಸೀಸಕ್ಕೆ ಗುರುತಿಸಬಹುದಾದ ವಾಸನೆಯಿಲ್ಲ, ಬಣ್ಣವಿಲ್ಲ. ಸೋಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ, ಒರೆಸಿ ನೋಡುವ ಕಡ್ಡಿಗಳು ಗೋಡೆಯ ಬಣ್ಣದಂಥ ಮೇಲ್ಮೈಗಳಿಗಾಗಿ ತಯಾರಾದವು, ಮದ್ಯದ ಪರೀಕ್ಷೆಗೆ ಅವನ್ನು ನಂಬಬಾರದು. ಸಣ್ಣ ಮಾದರಿಯನ್ನು ಶುದ್ಧವಾದ ಸೀಸೆಯಲ್ಲಿ ತುಂಬಿ, ಅತಿ ಸೂಕ್ಷ್ಮ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ–ಎಂಎಸ್ ಉಪಕರಣವಿರುವ ಪ್ರಯೋಗಾಲಯಕ್ಕೆ ಕಳಿಸುವುದೊಂದೇ ಭರವಸೆಯ ಮಾರ್ಗ. ಒಂದೇ ಸಾಲಿನ ಎರಡು ಬೊಂಬೆಗಳಲ್ಲೂ ಫಲಿತಾಂಶ ಬೇರೆಯಾಗಬಹುದಾದ್ದರಿಂದ ಒಂದರ ವರದಿಯನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ. ವರದಿ ಬರುವವರೆಗೆ ಕುಡಿಯದಿರುವುದು ಕ್ಷೇಮ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಇದರ ತಂಟೆಗೇ ಹೋಗಬಾರದು. ಸಾಮಾನ್ಯ ಗಾಜಿನ ಡಿಕ್ಯಾಂಟರ್‌ಗೆ ಈ ತಾಪತ್ರಯವಿಲ್ಲ ಎಂಬುದೇ ಮೇಲೆ ಅದನ್ನು ಶಿಫಾರಸು ಮಾಡಿದ್ದಕ್ಕೆ ಕಾರಣ.

ಬಿರಡೆ ತೆಗೆಯುವ ಬಗೆ

ಮೊದಲು ಬಿರಡೆ ಎಲ್ಲಿದೆ ಎಂದು ಹುಡುಕಬೇಕು. ಕೆಲವು ಬೊಂಬೆಗಳಲ್ಲಿ ತಲೆಯೇ ಬಿರಡೆ. ಕಾರು, ಎಂಜಿನ್‌ಗಳಲ್ಲಿ ಅದು ಕಣ್ಣಿಗೆ ಬೀಳದಂತೆ ಯಾವುದೋ ಬಿಡಿಭಾಗದ ಕೆಳಗೆ ಅಡಗಿರುತ್ತದೆ. ಮೆಕಾರ್ಮಿಕ್ ಭಟ್ಟಿಯವರ ಎಲ್ವಿಸ್ ಪ್ರೀಸ್ಲಿ ಬೊಂಬೆಗಳ ತಳದಲ್ಲಿ ಸಂಗೀತದ ಪೆಟ್ಟಿಗೆಯಿರುವುದರಿಂದ ಅವನ್ನು ನೀರಿನಲ್ಲಿ ಇಡಬಾರದು. ಹರಿತವಾದ ಬ್ಲೇಡಿನಿಂದ ತೆರಿಗೆ ಪಟ್ಟಿಯನ್ನು ಬಿರಡೆ ಮತ್ತು ಕತ್ತು ಕೂಡುವ ಗೆರೆಯಲ್ಲಿ ಮಾತ್ರ ಕೊಯ್ದರೆ ಎರಡು ತುಂಡುಗಳೂ ದಾಖಲೆಯಾಗಿ ಉಳಿಯುತ್ತವೆ.

ಬೊಂಬೆಯ ತಲೆಗೆ ಅಂಟಿಸಿದ ಕಾರ್ಕ್ ಇಷ್ಟು ವರ್ಷಗಳಲ್ಲಿ ಒಣಗಿ ರಸ್ಕಿನಷ್ಟು ಪೊಡಿಪೊಡಿಯಾಗಿರುತ್ತದೆ, ಜೊತೆಗೆ ಕತ್ತಿನ ಒಳಗೋಡೆಗೆ ಅಂಟಿಕೊಂಡೂ ಇರುತ್ತದೆ. ಹಾಗಾಗಿ ತಲೆಯನ್ನು ಹಿಡಿದು ನೇರವಾಗಿ ಎಳೆದರೆ ತಲೆ ಕೈಗೆ ಬರುತ್ತದೆ, ಕಾರ್ಕ್ ಕತ್ತಿನಲ್ಲೇ ಉಳಿಯುತ್ತದೆ. ತೆರೆಯುವ ಹಿಂದಿನ ದಿನ ಪಾತ್ರೆಯನ್ನು ಒಂದೆರಡು ನಿಮಿಷ ವಾಲಿಸಿ ಹಿಡಿದು ಕಾರ್ಕಿನ ತಳವನ್ನು ಮದ್ಯದಿಂದ ನೆನೆಸಿ, ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಮರುದಿನ ಒಂದು ಕೈಯಲ್ಲಿ ಕತ್ತನ್ನು, ಇನ್ನೊಂದು ಕೈಯಲ್ಲಿ ಬಿರಡೆಯ ಬುಡವನ್ನು ಹಿಡಿಯಬೇಕು. ಕೋಳಿಯ ಕೊಕ್ಕು, ಕಿವಿ, ಬಾಲಗಳನ್ನು ಹಿಡಿಗೆಯಾಗಿ ಬಳಸಿದರೆ ಅವೇ ಮೊದಲು ಮುರಿಯುತ್ತವೆ. ಎಡಕ್ಕೆ ಕೂದಲಷ್ಟು, ಬಲಕ್ಕೆ ಕೂದಲಷ್ಟು ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ‘ಚಿಟ್’ ಎಂಬ ಸದ್ದಾಗಿ ಹಿಡಿತ ಸಡಿಲುತ್ತದೆ. ಅಲ್ಲಿಂದ ಮುಂದೆ ತಿರುಗಿಸುತ್ತಲೇ ಮೇಲೆತ್ತಬೇಕು. ಬೆಂಕಿ, ಕುದಿನೀರು ಬೇಡವೇ ಬೇಡ: ಮದ್ಯ ಹೊತ್ತಿಕೊಳ್ಳುವ ವಸ್ತು, ದಿಢೀರ್ ಬಿಸಿಗೆ ಮೆರುಗೂ ಬಿರಿಯುತ್ತದೆ.

ಇಷ್ಟಾದರೂ ಕಾರ್ಕ್ ಮುರಿಯುವುದು ಅಪರೂಪವಲ್ಲ, ಅದಕ್ಕೆ ಸಿದ್ಧರಾಗಿಯೇ ಕೂರಬೇಕು. ತಿರುಪಿನ ಕಾರ್ಕ್‌ಸ್ಕ್ರೂ ಒಣ ಕಾರ್ಕನ್ನು ನುಚ್ಚು ಮಾಡುವುದರಿಂದ, ಎರಡು ತೆಳು ಅಲಗುಗಳನ್ನು ಕಾರ್ಕಿನ ಇಕ್ಕೆಲಗಳಲ್ಲಿ ಇಳಿಸಿ ಎತ್ತುವ ಸಾಧನ ಮೇಲು. ಅದಕ್ಕೂ ಬಗ್ಗದಿದ್ದರೆ ಉಳಿದ ತುಂಡನ್ನು ಒಳಗೇ ತಳ್ಳಿಬಿಡಬಹುದು. ಅನಂತರ ಮದ್ಯವನ್ನು ಮೊದಲು ಸ್ಟೀಲಿನ ಸಣ್ಣ ಜರಡಿಯ ಮೂಲಕ, ಆಮೇಲೆ ಬಿಳುಪುಗೊಳಿಸದ ಕಾಫಿ ಫಿಲ್ಟರ್ ಕಾಗದದ ಮೂಲಕ ನಿಧಾನವಾಗಿ ಸೋಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಬೇಕು. ಕಾರ್ಕ್ ಅಖಂಡವಾಗಿ ಬಂದರೂ ಮದ್ಯವನ್ನು ಮತ್ತೆ ಪಿಂಗಾಣಿಯಲ್ಲಿ ಬಿಡಬಾರದು. ಪರೀಕ್ಷೆಗೆ ಕಳಿಸುವ ಮಾದರಿಯನ್ನು ಈ ಹಂತದಲ್ಲೇ ತೆಗೆದಿಡುವುದು ಸೂಕ್ತ.

ಪ್ರಯೋಗಾಲಯದ ಒಪ್ಪಿಗೆ ಸಿಕ್ಕ ಮೇಲೆ ಲೋಟಕ್ಕೆ ಸ್ವಲ್ಪ ಸುರಿದು ಅರ್ಧ ಗಂಟೆ ಬಿಡಬೇಕು. ಹಳೆಯ ಬಾಟಲಿಯ ಮುಗ್ಗಲು ವಾಸನೆ ಗಾಳಿಗೆ ಕಳೆದು, ಸುಟ್ಟ ಸಕ್ಕರೆ, ಬೆಣ್ಣೆ, ಹಳೆಯ ಮರದ ಪರಿಮಳ ಹೊಮ್ಮಿದರೆ ಹುಡುಕಿದ್ದು ಸಾರ್ಥಕ. ಒದ್ದೆ ರಟ್ಟಿನ ವಾಸನೆ ಹೋಗದೇ ಉಳಿದರೆ ಅದು ಕೆಟ್ಟ ಕಾರ್ಕಿನ ಕೊಡುಗೆ, ಅದಕ್ಕೆ ಮದ್ದಿಲ್ಲ. ಅಂಟು, ಸಾಬೂನು ಅಥವಾ ಲೋಹದ ರುಚಿ ಬಂದರೆ ಎಷ್ಟೇ ಬೆಲೆ ಕೊಟ್ಟಿದ್ದರೂ ಚೆಲ್ಲಬೇಕು.

ಬರಿದಾದ ಬೊಂಬೆಯನ್ನು ಶೋಕೇಸಿನಲ್ಲಿ ಇಡಬಹುದು, ಅದರಲ್ಲಿ ನೀರನ್ನಾಗಲಿ ಬೇರೆ ಪಾನೀಯವನ್ನಾಗಲಿ ತುಂಬಿಡಬಾರದು. ಅಮೆರಿಕದಲ್ಲಿರುವ ಕನ್ನಡಿಗರು ಇಂಥದ್ದನ್ನು ಊರಿಗೆ ತರುವುದಾದರೆ ತೆರೆಯುವ ಮೊದಲೇ ಯೋಚಿಸಬೇಕು. ಶೇ 24ರಿಂದ 70ರವರೆಗಿನ ಮದ್ಯಸಾರದ ಪಾನೀಯಗಳನ್ನು ಅಲ್ಲಿನ ವಿಮಾನಗಳ ಚೆಕ್–ಇನ್ ಸಾಮಾನಿನಲ್ಲಿ ತಲಾ ಐದು ಲೀಟರ್‌ವರೆಗೆ ಒಯ್ಯಬಹುದಾದರೂ ಅವು ತೆರೆಯದ ಮೂಲ ಪಾತ್ರೆಯಲ್ಲೇ ಇರಬೇಕು. ಭಾರತಕ್ಕೆ ಸುಂಕವಿಲ್ಲದೆ ತರಲು ಬಿಡುವುದು ಒಬ್ಬರಿಗೆ ಎರಡು ಲೀಟರ್ ಮಾತ್ರ. ಒಣಗಿದ ಕಾರ್ಕಿನ ಬೊಂಬೆ ಪೆಟ್ಟಿಗೆಯಲ್ಲಿ ಅಡ್ಡಬಿದ್ದರೆ ಸೋರುವುದು ಖಚಿತವಾದ್ದರಿಂದ, ಬಿರಡೆಯ ಸುತ್ತ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಮೇಣದಂಥ ಪಟ್ಟಿ ಬಿಗಿದು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ದಪ್ಪ ಬಟ್ಟೆಗಳ ನಡುವೆ ಇಡಬೇಕು.